ಹೆದರಿಕೆಗೊಂದು ಬೆರಳು

ಗೋಡೆಯೊಳಗೆ ಒಂದು ನಾಡಿತ್ತು. ಅದಕ್ಕೆ ಹೆಸರೂ ಇತ್ತು, ಆದರೆ ಅಲ್ಲಿನವರು ಅದನ್ನು ಹೆಸರು ಹಿಡಿದು ಕರೆದದ್ದಿಲ್ಲ. ಗೋಡೆಯ ಈಚೆಗೆ ‘ಒಳಗೆ’ ಅನ್ನುವರು, ಆಚೆಗೆ ‘ಹೊರಗೆ’ ಅನ್ನುವರು, ಮುಗಿಯಿತು. ಎರಡರ ನಡುವೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲನ್ನೇ ಅವರು ಕಟ್ಟಳೆ ಎನ್ನುತ್ತಿದ್ದರು.

ಬೇರೆ ನಾಡುಗಳಲ್ಲಿ ಕಟ್ಟಳೆಯನ್ನು ಬರೆಯುತ್ತಾರಂತೆ. ಇಲ್ಲಿ ನಿಲ್ಲಿಸುತ್ತಿದ್ದರು. ದೊಡ್ಡ ಕೇಡೊಂದು ಬಂದು ಹೋದ ಮೇಲೆ ಹಳೆಯ ಬಾಗಿಲನ್ನು ಕಿತ್ತು ಹಾಕಿ, ಬಯಲಿನಲ್ಲಿ ಹೊಸ ಚೌಕಟ್ಟು ನಿಲ್ಲಿಸುವರು. ಹೊಸದು ಯಾವಾಗಲೂ ಅಗಲವೇ, ಜೋಡೆತ್ತಿನ ಗಾಡಿ ಸಲೀಸಾಗಿ ಹೋಗುವಷ್ಟು. ಅದರ ಮೇಲೆ ಡೇರೆಯಂತೆ ಒಂದು ಕೆಂಪು ಪರದೆ ಹೊದಿಸುವರು. ಆಮೇಲೆ ಜನ ಒಬ್ಬೊಬ್ಬರಾಗಿ ಬಂದು, ಪರದೆಯೊಳಗೆ ಕೈ ತೂರಿಸಿ, ಬಲಗಡೆಯ ಕಂಬ ಹಿಡಿದು, ತಮ್ಮ ಹೆದರಿಕೆ ಹೇಳಬೇಕು. ಹೇಳಿದ ಕೂಡಲೆ ಮರ ಕಿರ್ರ್ ಅನ್ನುತ್ತದೆ, ಬಾಗಿಲು ಒಂದು ಬೆರಳು ಕಿರಿದಾಗುತ್ತದೆ. ಕಂಬ ಹಿಡಿ, ಹೆದರಿಕೆ ಹೇಳು, ಒಂದು ಬೆರಳು. ಹುಲಿಯ ಕಾಲದ ಬಾಗಿಲು ಹೀಗೇ ಆಯಿತು, ಬೇನೆಯ ಕಾಲದ ಬಾಗಿಲೂ ಹೀಗೇ ಆಯಿತು. ಹೆದರಿಕೆ ಯಾರದೇ ಇರಲಿ, ಯಾರ ಮೇಲೆಯೇ ಇರಲಿ, ಬಾಗಿಲು ಕಿರಿದಾಗುವುದು ಮಾತ್ರ ಎಲ್ಲರಿಗೂ. ಈ ಕೊನೆಯ ಸಂಗತಿಯನ್ನು ಅಲ್ಲಿನವರು ಅಷ್ಟಾಗಿ ತಲೆಗೆ ಹಚ್ಚಿಕೊಂಡಿರಲಿಲ್ಲ.

ಎಲ್ಲರ ಹೆದರಿಕೆ ಮುಗಿದ ಮೇಲೆ ಒಂದು ಬೆಳಿಗ್ಗೆ ಇಡೀ ನಾಡು ಗೋಡೆಯ ಹೊರಗೆ ಹೋಗಿ ನಿಲ್ಲುವುದು. ಚೌಕಟ್ಟನ್ನು ಪರದೆಯ ಸಮೇತ ಎತ್ತಿ ತಂದು ಗೋಡೆಯ ಕಂಡಿಯಲ್ಲಿ ನಿಲ್ಲಿಸಿದರೆ, ಕಲ್ಲುಗಳು ತಾವಾಗಿ ಸರಿದು ಬಂದು ಅದನ್ನು ತಬ್ಬಿಕೊಳ್ಳುತ್ತಿದ್ದವು. ಆಗ ಪರದೆ ಎಳೆಯುವರು. ಮೊದಲು ಕಟ್ಟಳೆ ಮಾಡಿಸಿದವರು ಒಳಗೆ ಹೋಗಬೇಕು, ಆಮೇಲೆ ಅವರ ಮನೆಯವರು, ಆಮೇಲೆ ಊರು. ಹೋದವರು ಒಳಗಿನವರು, ಸಿಕ್ಕಿಕೊಂಡವರು ಹೊರಗಿನವರು. ಸಿಕ್ಕಿಕೊಂಡವರನ್ನು ಯಾರೂ ಬೈಯುತ್ತಿರಲಿಲ್ಲ. ಒಂದು ಚಾಪೆ, ಒಂದು ಚೊಂಬು ನೀರು ಕೈಗೆ ಕೊಟ್ಟು, ಕೈಮುಗಿದು, ಹೊಳೆಯ ಕಡೆಗೆ ಮುಖ ಮಾಡಿ ಕಳಿಸಿಬಿಡುವರು. ಅವರು ತಿರುಗಿ ಬಂದದ್ದಿಲ್ಲ.

ಈ ಸಲ ಬಂದದ್ದು ಕಿಚ್ಚಿನ ಕೇಡು. ಸಂತೆ ತುಂಬಿದ್ದ ಹೊತ್ತಿನಲ್ಲಿ ಯಾರೋ ಎಣ್ಣೆಯ ಗಡಿಗೆಗೆ ಬತ್ತಿ ಹೊತ್ತಿಸಿ ಕಣಜದ ಬೀದಿಯಲ್ಲಿ ಬಿಟ್ಟು ಹೋದರು. ಬಳೆಗಾರ ಹೋದ, ಅವನ ಹೆಂಡತಿ ಹೋದಳು, ಪುರಿ ಕೊಳ್ಳಲು ನಿಂತಿದ್ದ ಬಸುರಿ ಹೋದಳು. ಕರಗಿದ ಬಳೆಯ ಚೂರುಗಳನ್ನು ಜನ ಎಷ್ಟೋ ದಿನ ಹೆಕ್ಕುತ್ತಿದ್ದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನೀವು ನಗಬಹುದು. ಆ ಬೂದಿಯ ಮುಂದೆ ನಿಂತಿದ್ದರೆ ನೀವೂ ನಗುತ್ತಿರಲಿಲ್ಲ. ಕಿಚ್ಚಿಟ್ಟವನನ್ನು ಯಾರೂ ನೋಡಿರಲಿಲ್ಲ, ಹಾಗಾಗಿ ನಾಡಿನವರು ಅವನಿಗೊಂದು ಹೆಸರಿಟ್ಟರು: ಕಿಚ್ಚಿನವನು.

ಊರ ದೊಡ್ಡ ಯಜಮಾನರು ಕೆಂಪು ಪರದೆಯನ್ನು ಮಡಿಚಿ ತಂದು ಒಬ್ಬ ಹೆಂಗಸಿನ ತೋಳಿಗೆ ಹಾಕಿದರು. “ಈ ಸಲ ಕಟ್ಟಳೆ ನಿಂದು ಕಣಮ್ಮ,” ಎಂದರು.

ಅಷ್ಟು ಚಿಕ್ಕ ವಯಸ್ಸಿನ ಕಟ್ಟಳೆಗಾತಿಯನ್ನು ನಾಡು ಕಂಡಿರಲಿಲ್ಲ. ಸತ್ತವರಿಗಾಗಿ ಅವಳಿಗೆ ದುಃಖವಿತ್ತು, ನಿಜ. ಆದರೆ ಸುಳ್ಳೇಕೆ ಹೇಳಲಿ, ಅದಕ್ಕಿಂತ ಒಂದು ಹಿಡಿ ಹೆಚ್ಚಾಗಿ ಸಡಗರವಿತ್ತು. ನಾಡನ್ನು ಕಾಯುವ ಕೆಲಸ ತನಗೆ ಸಿಕ್ಕಿತಲ್ಲ! ಮನೆಗೆ ಓಡುತ್ತಲೇ ಬಂದು ಪರದೆಯನ್ನು ತಮ್ಮನ ಮುಂದೆ ಹರಡಿದಳು.

ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ತಾಯಿ ತಂದೆ ಹೋದ ಮೇಲೆ ಅವನಿಗೆ ತುತ್ತು ತಿನ್ನಿಸಿ ಬೆಳೆಸಿದವಳು ಅವಳೇ. ದೊಡ್ಡವನಾದ ಮೇಲೆ ತಮ್ಮ ದೋಣಿ ಹಿಡಿದು ಹೊಳೆಯ ಆಚೆ ದಡಕ್ಕೆ ಹೋದ, ಬಹಳ ಕಾಲ ಅಲ್ಲೇ ಇದ್ದ, ಒಂದು ದಿನ ಹೇಳದೆ ಕೇಳದೆ ವಾಪಸು ಬಂದ. ಏನು ಮಾಡಿಕೊಂಡಿದ್ದೆ ಎಂದರೆ “ಹುಟ್ಟು ಹಾಕ್ತಿದ್ದೆ” ಎನ್ನುವನು. ಮಾತು ಕಡಿಮೆ, ಭುಜ ಅಗಲ, ಪಾದ ಯಾವಾಗಲೂ ಒದ್ದೆ.

“ಎಂಥಾ ಬಾಗಿಲು ಮಾಡ್ತೀಯ ಅಕ್ಕ?” ಎಂದು ತಮ್ಮ ಕೇಳಿದ.

“ಯಾರೂ ಮಾಡಿರಬಾರದು, ಅಂಥದ್ದು! ಹಿಂದೆಲ್ಲ ಮನೆಗೊಬ್ಬರು ಒಂದು ಸಲ ಬಂದು ಕಂಬ ಹಿಡಿದು ಹೋಗ್ತಿದ್ರು. ಈ ಸಲ ಇಡೀ ನಾಡೇ ಬರಲಿ. ಎಷ್ಟು ಸಲ ಬೇಕಾದರೂ ಬರಲಿ. ಎಲ್ಲರ ಹೆದರಿಕೆಯೂ ಸೇರಿದ ಬಾಗಿಲು ಕಣೋ!”

ತಮ್ಮ ಪರದೆಯ ಅಂಚನ್ನು ಮುಟ್ಟಿ ನೋಡಿ, “ದಪ್ಪ ಬಟ್ಟೆ. ಒಳಗೇನಾಗ್ತಿದೆ ಅಂತ ಕಾಣಲ್ಲ,” ಎಂದನಷ್ಟೆ.

ಮರುದಿನ ಬಯಲಿನಲ್ಲಿ ಚೌಕಟ್ಟು ನಿಂತಿತು. ಪದ್ಧತಿಯಂತೆ ಮೊದಲು ಬಂದವರು ಹಿರಿಯರ ಕೂಟದ ನಾಲ್ವರು. ಒಬ್ಬೊಬ್ಬರಿಗೂ ಒಂದೊಂದು ಕೆಲಸ, ಕೆಲಸವೇ ಅವರ ಹೆಸರು. ಹಿಡಿಯುವ ಕೆಲಸದವನು ಕಾವಲಿನವನು, ತಡೆಯುವ ಕೆಲಸದವನು ಗೋಡೆಯವನು, ಗುಟ್ಟು ಕೇಳಿಸಿಕೊಳ್ಳುವವನು ಕಿವಿಯವನು, ಗಾಯ ಕಟ್ಟುವವಳು ಮುಲಾಮಿನವಳು. ಒಬ್ಬರ ಕೆಲಸ ಕಂಡರೆ ಇನ್ನೊಬ್ಬರಿಗೆ ಆಗದು.

“ಮೊದಲು ಹಿಡೀಬೇಕು. ಹಿಡಿದ ಮೇಲೆ ಮಿಕ್ಕಿದ್ದು,” ಎಂದ ಕಾವಲಿನವನು.

“ಬರದೇ ಇದ್ದ ಹಾಗೆ ಮಾಡಿದ್ರೆ ಹಿಡಿಯೋ ಗೋಜೇ ಇಲ್ವಲ್ಲ!” ಎಂದ ಗೋಡೆಯವನು.

ಕಿವಿಯವನು ಇಬ್ಬರ ನಡುವೆ ತಲೆ ತೂರಿಸಿ ಏನೋ ಪಿಸುಗುಟ್ಟಿದ. ಏನೆಂದು ಯಾರಿಗೂ ಕೇಳಿಸಲಿಲ್ಲ, ಆದರೂ ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು.

ಕಟ್ಟಳೆಗಾತಿ ಪರದೆಯ ಪಕ್ಕ ನಿಂತು, ಹಿಂದಿನ ಕಾಲದಿಂದ ನಡೆದು ಬಂದ ಒಂದೇ ಒಂದು ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಕೇಳಿದಳು: “ಏನು ಹೆದರಿಕೆ?”

ಕಾವಲಿನವನು ಕಂಬ ಹಿಡಿದು, “ಮುಖ ಮುಚ್ಚಿಕೊಂಡವರಿಗೆ ಹೆದರ್ತೀನಿ,” ಎಂದ. ಕಿರ್ರ್. ಗೋಡೆಯವನು, “ಗಂಟು ಹೊತ್ತವರಿಗೆ ಹೆದರ್ತೀನಿ,” ಎಂದ. ಕಿರ್ರ್. ಕಿವಿಯವನು, “ಮಾತಾಡದೆ ಇರೋರಿಗೆ,” ಎಂದು, ಕೊಂಚ ಯೋಚಿಸಿ, “ಜಾಸ್ತಿ ಮಾತಾಡೋರಿಗೂ,” ಎಂದು ಸೇರಿಸಿದ. ಕಿರ್ರ್, ಕಿರ್ರ್. ಜನ ಹೋ ಎಂದು ಚಪ್ಪಾಳೆ ತಟ್ಟಿದರು.

ಮುಲಾಮಿನವಳ ಸರದಿ ಬಂತು. ಅವಳು ಕಂಬಕ್ಕೆ ಕೈ ಹಾಕಲಿಲ್ಲ. “ಕಿಚ್ಚು ಬಿದ್ದ ದಿನ ನಾನು ಮೊದಲು ಓಡಿದವಳು ತಾಯಿ. ಕಣಜದ ಹಿಂದುಗಡೆ ಕಲ್ಲಿನ ಮೇಲೆ ಒದ್ದೆ ಹೆಜ್ಜೆ ಕಂಡೆ. ಗೋಡೆಯಡಿ ಹೊಳೆಗೆ ಹೋಗೋ ನೀರಿನ ತೂಬಿನ ಕಡೆಯಿಂದ ಬಂದಿತ್ತು, ಅದೇ ಕಡೆ ಹೋಗಿತ್ತು. ಆ ತೂಬು ನೋಡಬೇಕು...”

“ತೂಬಿನ ಮಾತು ಬಾಗಿಲ ಮಾತಲ್ಲ,” ಎಂದ ಗೋಡೆಯವನು. ಜನ ನಕ್ಕರು.

ಕಟ್ಟಳೆಗಾತಿಯೂ ಮುಗುಳ್ನಕ್ಕು, “ಅಮ್ಮ, ಕಂಡದ್ದು ಹೇಳೋದು ಪದ್ಧತಿಯಲ್ಲ. ಹೆದರಿಕೆ ಹೇಳಿ,” ಎಂದಳು. ಹಿಂದೆ ಸಾಲು ಬೆಳೆಯುತ್ತಿತ್ತು, ಅವಳಿಗೆ ಆತುರ.

ಮುಲಾಮಿನವಳು ತಡವರಿಸಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕೊನೆಗೆ ಕಂಬ ಹಿಡಿದು, “ಹಾಗಾದ್ರೆ... ಒದ್ದೆ ಕಾಲಿನವರಿಗೆ ಹೆದರ್ತೀನಿ,” ಎಂದಳು.

ಕಿರ್ರ್. ಗುಂಪಿನಲ್ಲಿದ್ದ ಅಗಸರು, ಮೀನು ಹಿಡಿಯುವವರು, ದೋಣಿಯವರು ತಮ್ಮ ತಮ್ಮ ಪಾದ ನೋಡಿಕೊಂಡರು. ಮಿಕ್ಕವರು ಅವರನ್ನು ನೋಡಿದರು.

ಆಮೇಲೆ ಏನೆನ್ನಲಿ! ಬಯಲಿಗೆ ಬಯಲೇ ತುಂಬಿ ಹೋಯಿತು. ಜನ ಬುತ್ತಿ ಕಟ್ಟಿಕೊಂಡು ಬಂದರು, ಹೊಸ ಬಟ್ಟೆ ಉಟ್ಟುಕೊಂಡು ಬಂದರು. ಜನ್ಮದಲ್ಲಿ ಯಾರೂ ಕಿವಿಗೊಡದ ಮಾತಿಗೆ ಈಗ ಮರವೇ ಕಿರ್ರ್ ಎಂದು ಓಗೊಡುತ್ತದೆಂದರೆ ಯಾರಿಗೆ ಖುಷಿಯಾಗದು? ಒಬ್ಬ ಸೀಟಿ ಹೊಡೆಯುವವರಿಗೆ ಹೆದರಿದ. ಒಬ್ಬಳು ಬೆಂಕಿಪೊಟ್ಟಣ ಕಡ ಕೇಳುವವರಿಗೆ ಹೆದರಿದಳು. ಒಬ್ಬ ಮುದುಕ ಬೇರೆ ಒಗ್ಗರಣೆಯ ವಾಸನೆಗೆ ಹೆದರಿದ. ಒಂದು ಸಲ ಹೇಳಿದವರು ಸಾಲಿನ ತುದಿಗೆ ಹೋಗಿ ಮತ್ತೆ ನಿಂತರು. ಹೆದರಿಕೆ ತೀರಿದವರು ಪಕ್ಕದವರಿಂದ ಎರವಲು ತಂದರು. ಕಂಬ ಹಿಡಿ, ಹೆದರಿಕೆ ಹೇಳು, ಒಂದು ಬೆರಳು. ಕಟ್ಟಳೆಗಾತಿಗೆ ಊಟ ಬೇಕಾಗಲಿಲ್ಲ, ನಿದ್ದೆ ಬೇಕಾಗಲಿಲ್ಲ. ಪ್ರತಿ ಕಿರ್ರ್ ಸದ್ದಿಗೂ ನಾಡು ಒಂದು ಬೆರಳು ಗಟ್ಟಿಯಾಯಿತೆಂದು ಅವಳ ಮೈ ಜುಮ್ಮೆನ್ನುತ್ತಿತ್ತು.

ಒಳಹೋಗುವ ದಿನದ ಹಿಂದಿನ ಸಂಜೆ ತಮ್ಮ ಅವಳ ಹತ್ತಿರ ಬಂದು ನಿಂತ.

“ಅಕ್ಕ, ಆ ಪರದೆ ಒಂದ್ಸಲ ಎತ್ತಿ ನೋಡು.”

“ಹುಚ್ಚಾ ನಿಂಗೆ? ಮುಂಚೆ ಎತ್ತಬಾರದು.”

“ಬಾಗಿಲು ಎಷ್ಟು ಉಳಿದಿದೆ ಅಂತ ಯಾರಿಗೂ ಗೊತ್ತಿಲ್ಲ. ನನ್ನ ಭುಜ ಹಿಡಿಸುತ್ತೋ ಇಲ್ವೋ ಅಂತ...” ಎನ್ನುತ್ತಾ ತಮ್ಮ ತನ್ನ ಭುಜವನ್ನು ಒಮ್ಮೆ ಸವರಿಕೊಂಡ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಆ ಗಾದೆ ಕಟ್ಟಳೆಗಾತಿಯ ತಲೆಯಲ್ಲಿ ಫಕ್ಕನೆ ಮಿಂಚಿತು. ಮಿಂಚಿದ್ದು ಹೋಗಲೇ ಇಲ್ಲ. ಅವಳ ಕಣ್ಣು ತಾನಾಗಿ ಅವನ ಪಾದಕ್ಕೆ ಇಳಿಯಿತು. ಒದ್ದೆ. ಇವನು ಮಾತಾಡದವನು. ಆಚೆ ದಡದಿಂದ ಬಂದವನು. ಕಿಚ್ಚು ಬಿದ್ದ ದಿನ ಎಲ್ಲಿದ್ದೆಯೋ ಎಂದು ತಾನು ಕೇಳಿಯೇ ಇಲ್ಲ. ಕೇಳಿಬಿಟ್ಟರೆ ಮುಗಿಯುತ್ತಿತ್ತು, ಆದರೆ ಕೇಳಲು ಬಾಯಿ ಬರಲಿಲ್ಲ. “ಹೋಗಿ ಉಣ್ಣು, ಅನ್ನ ಆರುತ್ತೆ,” ಎಂದಳು.

ಬೆಳಕು ಹರಿಯುವ ಮುಂಚೆಯೇ ಅವಳು ಒಬ್ಬಳೇ ಬಯಲಿಗೆ ಹೋದಳು. ಕಟ್ಟಳೆ ಮಾಡಿಸುವವರೂ ಒಂದು ಹೆದರಿಕೆ ಹೇಳಬೇಕು, ಇಲ್ಲದಿದ್ದರೆ ಬಾಗಿಲು ಪೂರ್ತಿಯಾಗದು. ಪರದೆಯೊಳಗೆ ಕೈ ತೂರಿಸಿ ಕಂಬ ಹಿಡಿದಳು. ಮರ ತಣ್ಣಗಿತ್ತು. ಯಾರೂ ಇಲ್ಲವೆಂದು ಸುತ್ತ ನೋಡಿ ಪಿಸುಗುಟ್ಟಿದಳು:

“ಅದು ನನ್ನ ತಮ್ಮನೇ ಇರಬಹುದು.”

ಬೇರೆಯವರ ಹೆದರಿಕೆಗೆ ಮರ ಕಿರ್ರ್ ಎಂದಿತ್ತು. ಅವಳದಕ್ಕೆ ಬುಡದಿಂದ ನರಳಿತು. ಒಂದು ಬೆರಳಲ್ಲ, ಒಂದು ಗೇಣು ಸರಿದ ಸದ್ದು. ನಾವು ಯಾರನ್ನು ಹೆಚ್ಚು ಪ್ರೀತಿಸುತ್ತೇವೋ ಅವರ ಮೇಲಿನ ಹೆದರಿಕೆಗೆ ತೂಕ ಜಾಸ್ತಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈ ಎಳೆದುಕೊಂಡು, ಹಿಂದೆ ತಿರುಗಿ ನೋಡದೆ ನಡೆದಳು.

ಸೂರ್ಯ ಏರಿದ. ಡೋಲು ಬಡಿಯಿತು. ನಾಡಿಗೆ ನಾಡೇ ಹೊರಗೆ ಹರಿಯಿತು, ಮಕ್ಕಳು ಮರಿ, ಮುದುಕರು, ಮಂಚದ ಮೇಲೆ ಹೊತ್ತು ತಂದ ರೋಗಿಗಳು. ಚೌಕಟ್ಟು ಕಂಡಿಯಲ್ಲಿ ನಿಂತಿತು, ಕಲ್ಲು ಸರಿದು ತಬ್ಬಿಕೊಂಡಿತು. ಕಟ್ಟಳೆಗಾತಿ ಗುಂಪಿನಲ್ಲಿ ತಮ್ಮನನ್ನು ಹುಡುಕಿದಳು, ಕಾಣಲಿಲ್ಲ. ಎಲ್ಲೋ ಹಿಂದೆ ಇರಬೇಕು ಎಂದುಕೊಂಡಳು. ನಿಜ ಹೇಳಬೇಕೆಂದರೆ ಕಾಣದೇ ಇದ್ದದ್ದೇ ಅವಳಿಗೆ ಸಮಾಧಾನವಾಯಿತು.

ಯಜಮಾನರು ಪರದೆ ಎಳೆದರು.

ಬಾಗಿಲಿದ್ದ ಕಡೆ ಒಂದು ಸೀಳು ಇತ್ತು.

ಕಟ್ಟಳೆಗಾತಿ ಮುಂದೆ ಹೋಗಿ ಕೈ ಇಟ್ಟಳು. ಮೊಣಕೈವರೆಗೆ ಹೋಗಿ ನಿಂತಿತು. ಅಡ್ಡ ತಿರುಗಿ ನೋಡಿದಳು, ಉಸಿರು ಬಿಗಿಹಿಡಿದು ನೋಡಿದಳು. ಹಂಚಿಕಡ್ಡಿಯಂತಿದ್ದ ಒಬ್ಬ ಮುದುಕಿಯನ್ನು ಕರೆತಂದು ನಿಲ್ಲಿಸಿದರು, ಅವಳಿಗೂ ಆಗಲಿಲ್ಲ.

ಕಾವಲಿನವನು ಮಾತ್ರ ಕುಣಿದಾಡಿಬಿಟ್ಟ. “ನೋಡಿದ್ರಾ! ಯಾವ ಕಿಚ್ಚಿನವನೂ ಇನ್ನು ಒಳಗೆ ಹೋಗೋಕಾಗಲ್ಲ! ಗೆದ್ವಿ!”

ಗೆದ್ವಿ ಗೆದ್ವಿ ಎಂದು ಜನವೂ ಕೂಗಿದರು. ಕೂಗು ಬರಬರುತ್ತ ಸಣ್ಣದಾಯಿತು. ಯಾವುದೋ ಮಗು ಹಾಲಿಗೆ ಅತ್ತಿತು. ಗೋಡೆಯೊಳಗಿನ ಕೊಟ್ಟಿಗೆಗಳಲ್ಲಿ ದನಗಳು ಅಂಬಾ ಎಂದವು. ಜಗತ್ತಿನಲ್ಲೇ ಅತಿ ಭದ್ರವಾದ ನಾಡು ಗೋಡೆಯ ಆಚೆಗಿತ್ತು, ಅದರ ಜನವೆಲ್ಲ ಈಚೆಗೆ ಬಿಸಿಲಲ್ಲಿ ನಿಂತಿದ್ದರು.

ಆಗ ಗೋಡೆಯ ಮೇಲಿಂದ ಹೊಗೆ ಎದ್ದಿತು.

ಕಟ್ಟಳೆಗಾತಿ ಸೀಳಿಗೆ ಕಣ್ಣಿಟ್ಟಳು. ಖಾಲಿ ಬೀದಿ. ಬೀದಿಯ ತುದಿಯಲ್ಲಿ ಕಣಜ, ಕಣಜದ ಸೂರಿನಲ್ಲಿ ಬೆಂಕಿ. ಬಾವಿಯಿಂದ ಕಣಜಕ್ಕೆ, ಕಣಜದಿಂದ ಬಾವಿಗೆ ಕೊಡ ಹೊತ್ತು ಒಬ್ಬ ಓಡುತ್ತಿದ್ದ. ಆ ಭುಜ ಅವಳಿಗೆ ಗೊತ್ತಿಲ್ಲವೆ!

“ತಮ್ಮಾ!” ಎಂದು ಚೀರಿದಳು.

ಅವನು ಓಡುತ್ತಲೇ ಕೂಗಿದ: “ತೂಬಿನಿಂದ ಬಂದ ಅಕ್ಕ! ನೀರಿನ ತೂಬಿನಿಂದ! ನಾನು ಅಟ್ಟಿಸಿಕೊಂಡು ಹೋದೆ, ತಪ್ಪಿಸಿಕೊಂಡ! ಒಬ್ಬನಿಂದ ಆಗಲ್ಲ, ಕೈ ಬೇಕು, ಕೊಡ ಬೇಕು!”

ತೂಬು ಇದ್ದದ್ದು ಗೋಡೆಯ ಆ ತುದಿಗೆ, ಹೊಳೆಯ ಮಗ್ಗುಲಿಗೆ. ಕಾವಲಿನವರು ಓಡಿದರು, ಆದರೆ ಅವರು ಸುತ್ತಿ ಸೇರುವಷ್ಟರಲ್ಲಿ ನಾಡು ಬೂದಿಯಾಗಿರುತ್ತದೆಂದು ಯಾರು ಬೇಕಾದರೂ ಹೇಳಬಹುದಿತ್ತು. ಗಂಡಸರು ಹಾರೆ ತಂದು ಕಲ್ಲು ಮೀಟಿದರು. ತಬ್ಬಿಕೊಂಡ ಕಲ್ಲು ಅಲುಗಲಿಲ್ಲ.

“ಹೇಳಿದ್ದನ್ನ ವಾಪಸ್ ತಗೊಂಡ್ರೆ?” ಎಂದಳು ಕಟ್ಟಳೆಗಾತಿ.

ಯಜಮಾನರು ತಲೆಯಾಡಿಸಿದರು. “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಕಣಮ್ಮ. ಯಾರೂ ತಗೊಂಡಿದ್ದಿಲ್ಲ.”

“ತಗೊಂಡಿದ್ದಿಲ್ವೋ, ತಗೊಳ್ಳೋಕೆ ಆಗಲ್ವೋ?”

ಉತ್ತರಕ್ಕೆ ಕಾಯದೆ ಮುಲಾಮಿನವಳು ಜನರನ್ನು ತಳ್ಳಿಕೊಂಡು ಬಂದು ಕಂಬ ಹಿಡಿದಳು. “ಒದ್ದೆ ಕಾಲಿನವರಿಗೆ ನಾನು ಹೆದರಿರಲಿಲ್ಲ. ನಾನು ಕಂಡದ್ದು ಒದ್ದೆ ಹೆಜ್ಜೆ, ತೂಬಿನ ಹತ್ತಿರ. ಕಂಡದ್ದು ಅಷ್ಟೇ!”

ಕಿರ್ರ್.

ಸದ್ದು ಅದೇ, ಆದರೆ ಮರ ಸರಿದದ್ದು ಹಿಂದಕ್ಕೆ. ಒಂದು ಬೆರಳು!

ಹೋ ಎಂದು ಎದ್ದ ಕೂಗಿಗೆ ಗೋಡೆಯ ಮೇಲಿನ ಪಾರಿವಾಳಗಳೆಲ್ಲ ಹಾರಿದವು. “ಸಾಲು ಬೇಡ, ನುಗ್ಗಿ!” ಎಂದು ಕಟ್ಟಳೆಗಾತಿ ಕಿರುಚಿದಳು. “ಏನು ಹೆದರಿಕೆ ಅಂತ ಕೇಳಲ್ಲ! ಏನು ಕಂಡ್ರಿ, ಅದನ್ನ ಹೇಳಿ!” ಜನ ನುಗ್ಗಿದರು. “ನಾನು ಏನೂ ಕಾಣಲಿಲ್ಲ, ಹೊಗೆ ಕಂಡೆ!” ಕಿರ್ರ್. “ಸೀಟಿ ಹೊಡೆಯೋನು ನನ್ನ ಅಳಿಯ, ಅವನನ್ನ ಕಂಡ್ರೆ ನಂಗೆ ಆಗಲ್ಲ, ಅಷ್ಟೇ!” ಕಿರ್ರ್. “ಎಲ್ಲರೂ ಹೇಳ್ತಿದ್ರು ಅಂತ ನಾನೂ ಹೇಳ್ದೆ!” ಕಿರ್ರ್, ಕಿರ್ರ್, ಕಿರ್ರ್. ನಾಚಿಕೆ ಪಡಲು ಯಾರಿಗೂ ಪುರುಸೊತ್ತಿರಲಿಲ್ಲ. ಒಗ್ಗರಣೆಗೆ ಹೆದರಿದ್ದ ಮುದುಕನನ್ನು ಮೊಮ್ಮಕ್ಕಳು ಎತ್ತಿಕೊಂಡೇ ತಂದರು. ಕಿವಿಯವನು ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿದ: “ನಂಗೆ ಏನೂ ಗೊತ್ತಿಲ್ಲ!” ಆ ಒಂದು ಮಾತಿಗೆ ಬಾಗಿಲು ಎರಡು ಬೆರಳು ತೆರೆಯಿತು.

ಸೀಳು ಅಗಲವಾಯಿತು. ಕೈ ಹೋಯಿತು, ತಲೆ ಹೋಯಿತು. ಎದೆ ಹೋಗಲಿಲ್ಲ.

ಅಲ್ಲಿಗೆ ನಿಂತುಬಿಟ್ಟಿತು. ಹತ್ತು ಸಲ ಹೇಳಿದ್ದವರಿಗೆ ಹೇಳಿದ್ದೆಲ್ಲ ನೆನಪಿರಲಿಲ್ಲ, ನೆನಪಿದ್ದಷ್ಟು ಎಲ್ಲರೂ ಹೇಳಿ ಮುಗಿದಿತ್ತು. ಇನ್ನೊಂದು ಗೇಣು ಬೇಕಿತ್ತು, ಅಷ್ಟೇ.

“ಇನ್ನೂ ಯಾರದ್ದೋ ಉಳಿದಿದೆ,” ಎಂದರು ಯಜಮಾನರು. “ಯಾರಪ್ಪಾ ಅದು? ಬೇಗ!”

ಜನ ಒಬ್ಬರ ಮುಖ ಒಬ್ಬರು ನೋಡಿದರು. ನೋಡುತ್ತಿರುವಂತೆಯೇ ಬೀದಿಯ ಆ ಕಡೆಯಿಂದ ತಮ್ಮ ಕೆಮ್ಮುತ್ತಾ ಓಡಿ ಬಂದ. ಹುಬ್ಬು ಸುಟ್ಟಿತ್ತು, ಅಂಗೈ ಬೊಕ್ಕೆ ಎದ್ದಿತ್ತು. ಸೀಳಿನ ಆ ಬದಿಗೆ, ಅವಳ ಮುಖಕ್ಕೆ ಮುಖ ಕೊಟ್ಟು ನಿಂತು, “ಅಕ್ಕ, ಪಕ್ಕದ ಮನೆಗೆ ಹತ್ತಿಕೊಳ್ತು,” ಎಂದ.

ನಾಡೆಲ್ಲ ಬೆನ್ನ ಹಿಂದೆ ನಿಂತಿದೆ. ಅವನು ಎದುರಿಗಿದ್ದಾನೆ. ಹೇಳದಿದ್ದರೆ ಊರು ಹೋಗುತ್ತದೆ, ಒಳಗೆ ಅವನೂ ಹೋಗುತ್ತಾನೆ. ಹೇಳಿದರೆ ತಮ್ಮನೇ ಹೋಗುತ್ತಾನೆ, ಬೇರೆ ರೀತಿಯಲ್ಲಿ. ಕಟ್ಟಳೆಗಾತಿ ಕಂಬ ಹಿಡಿದಳು.

“ನಂದು. ಉಳಿದಿರೋದು ನಂದು,” ಎಂದಳು. “ನಿನಗೆ ಹೆದರಿದ್ದೆ ಕಣೋ. ಕಿಚ್ಚಿಟ್ಟೋನು ನೀನೇ ಇರಬಹುದು ಅಂತ ಈ ಕಂಬ ಹಿಡಿದು ಹೇಳಿದ್ದೆ. ನಾನು ಏನೂ ಕಂಡಿರಲಿಲ್ಲ. ನಿನ್ನ ಒದ್ದೆ ಪಾದ ಬಿಟ್ಟು ಏನೂ ಕಂಡಿರಲಿಲ್ಲ. ದೋಣಿ ನಡೆಸೋನ ಪಾದ ಇನ್ನು ಹೇಗಿರುತ್ತೆ?”

ಮರ ಬುಡದಿಂದ ನರಳಿ ಒಂದು ಗೇಣು ಸರಿಯಿತು.

ಆಮೇಲೆ ಯಾರು ಯಾರನ್ನು ಕಾಯುತ್ತಾರೆ? ಕೊಡ, ತಪ್ಪಲೆ, ಬಕೆಟ್ಟು, ಸಿಕ್ಕಿದ್ದನ್ನು ಹಿಡಿದು ನಾಡಿಗೆ ನಾಡೇ ಆ ಬಾಗಿಲಲ್ಲಿ ನುಗ್ಗಿತು. ಮೊದಲು ಕಟ್ಟಳೆಗಾತಿ, ಆಮೇಲೆ ಮನೆಯವರು, ಆಮೇಲೆ ಊರು ಎಂಬ ಸರದಿಯನ್ನು ಯಾರೂ ನೆನೆಯಲಿಲ್ಲ. ಅಗಸರು ಒದ್ದೆ ಕಂಬಳಿ ಹೊದಿಸಿದರು, ದೋಣಿಯವರು ಬಾವಿಯಿಂದ ಸಾಲುಗಟ್ಟಿ ನೀರು ದಾಟಿಸಿದರು, ಮುಖ ಮುಚ್ಚಿಕೊಂಡವರು ಹೊಗೆಗೆ ಹೆದರದೆ ಒಳಗೆ ಹೋದರು. ಕಣಜದ ಅರ್ಧ ಹೋಯಿತು. ಜೀವ ಒಂದೂ ಹೋಗಲಿಲ್ಲ.

ಮಧ್ಯಾಹ್ನ ಹಿರಿಯರ ಕೂಟ ಒದ್ದೆ ಬಟ್ಟೆಯಲ್ಲೇ ಬಾಗಿಲ ಪಕ್ಕ ಕೂತಿತು. ತಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದ. ಒಬ್ಬನೇ ಬಂದಿದ್ದ, ತನ್ನದೇ ವಯಸ್ಸು, ಗಡಿಗೆಗೆ ಬತ್ತಿ ಹೊತ್ತಿಸುವಾಗ ಅವನ ಕೈ ನಡುಗುತ್ತಿತ್ತು. ಕಾವಲಿನವರಿಗೆ ತೂಬಿನ ಬಾಯಲ್ಲಿ ಖಾಲಿ ಗಡಿಗೆ ಸಿಕ್ಕಿತು, ಅವನು ಸಿಗಲಿಲ್ಲ. ಅಂದರೆ ಕಿಚ್ಚಿನವನು ಇದ್ದಾನೆ, ಮತ್ತೆ ಬರಬಹುದು. ಹೆದರಿಕೆ ಸುಳ್ಳಲ್ಲ. ಗೋಡೆಯವನು ತಾನಾಗಿ ಎದ್ದು ಹೋಗಿ ತೂಬಿಗೆ ಕಂಬಿ ಕೂರಿಸಿದ. ಕಣ್ಣಾರೆ ಕಂಡದ್ದಕ್ಕೆ ಮಾತ್ರ ಬೆರಳು ಕೊಡಬೇಕು ಎಂದು ತೀರ್ಮಾನವಾಯಿತು. ತಮ್ಮ ಕಂಡದ್ದಕ್ಕೆ ಮೊದಲ ಬೆರಳು. ಬಾಗಿಲು ಕೊನೆಗೆ ಎಷ್ಟಾಯಿತೆಂದರೆ ಮಗು ಎತ್ತಿಕೊಂಡ ತಾಯಿ ನೆಟ್ಟಗೆ ಬರಬಹುದು, ಎಣ್ಣೆಯ ಗಡಿಗೆ ಹೊತ್ತವನು ನಿಂತು ಇಳಿಸಲೇಬೇಕು. ಕೆಂಪು ಪರದೆಯನ್ನು ಹರಿದು ಸುಟ್ಟ ಕೈಗಳಿಗೆ ಕಟ್ಟಲು ಮುಲಾಮಿನವಳಿಗೆ ಕೊಟ್ಟರು.

ಸಂಜೆಯಾಯಿತು. ಎಲ್ಲರೂ ಮನೆ ಸೇರಿದರು. ಕಟ್ಟಳೆಗಾತಿ ಬಾಗಿಲಲ್ಲೇ ನಿಂತಿದ್ದಳು. ಬೀದಿಯಲ್ಲಿ ತಮ್ಮ ಬಂದ. ಎರಡೂ ಅಂಗೈಗೆ ಕೆಂಪು ಪಟ್ಟಿ. ಕಂಕುಳಲ್ಲಿ ಒಂದು ಚಾಪೆ, ಬೆರಳ ತುದಿಯಲ್ಲಿ ಒಂದು ಚೊಂಬು ನೀರು.

ಅವಳು ಬಾಗಿಲಿಗೆ ಅಡ್ಡ ನಿಂತಳು. “ಯಾರು ಹೋಗು ಅಂದ್ರು ನಿಂಗೆ?”

“ಯಾರೂ ಅನ್ನಲಿಲ್ಲ,” ಎಂದ ತಮ್ಮ. “ಬೆಳಿಗ್ಗೆ ಬಾಗಿಲು ಎಷ್ಟು ಉಳಿದಿದೆ ಅಂತ ನೋಡೋಕೆ ಬಂದಿದ್ದೆ ಅಕ್ಕ. ನೀನು ಹೇಳಿದಾಗ ನಾನು ಪರದೆಯೊಳಗೇ ಇದ್ದೆ.”

ಅವಳಿಗೆ ಎಲ್ಲ ತಿಳಿಯಿತು. ಇಡೀ ನಾಡು ಹೊರಗೆ ಹರಿದಾಗ ಇವನೊಬ್ಬನೇ ಒಳಗೆ ಉಳಿದದ್ದು ಯಾಕೆಂದು ತಿಳಿಯಿತು. ಎಲ್ಲರ ಎದುರಿಗೆ ಸಿಕ್ಕಿಕೊಂಡು ಅಕ್ಕನ ಕಟ್ಟಳೆಗೆ ಕೆಟ್ಟ ಹೆಸರು ತರಬಾರದೆಂದು ಬಚ್ಚಿಟ್ಟುಕೊಂಡಿದ್ದ. ಸಂಜೆ ಕತ್ತಲಾದ ಮೇಲೆ ತೂಬಿನ ಕಡೆಯಿಂದ ತಾನಾಗಿ ಹೋಗಿಬಿಡೋಣ ಎಂದುಕೊಂಡಿದ್ದ. ಅವಳು ಅಳಲಿಲ್ಲ, ಅಳುವ ಹಕ್ಕು ತನಗಿಲ್ಲವೆನ್ನಿಸಿತು. ಬಲಗಡೆಯ ಕಂಬಕ್ಕೆ ಕೈ ಊರಿ ನಿಂತಳು.

“ಈಗ ಹೋಯ್ತಾ ಹೆದರಿಕೆ?” ಎಂದು ತಮ್ಮ ಕೇಳಿದ.

ಹೋಯಿತು ಎಂದುಬಿಡುವುದು ಎಷ್ಟು ಸುಲಭವಿತ್ತು! ಅವನೂ ಅದನ್ನೇ ಕೇಳಬಯಸಿದ್ದ. ಆದರೆ ಆ ದಿನ ಅಷ್ಟೆಲ್ಲ ಆದ ಮೇಲೆ ಅವನಿಗೆ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಅವನ ಮುಖವನ್ನೇ ನೋಡುತ್ತಾ, “ಪೂರ್ತಿ ಹೋಗಿಲ್ಲ ಕಣೋ,” ಎಂದಳು. “ಆಚೆ ದಡದಲ್ಲಿ ಏನು ಮಾಡ್ತಿದ್ದೆ ಅಂತ ಇನ್ನೂ ನಂಗೆ ಗೊತ್ತಿಲ್ಲ. ಒಂಚೂರು ಇದೆ.”

ಹೇಳಿದ ಮೇಲೆ ಅವಳಿಗೆ ನೆನಪಾಯಿತು, ಕೈ ಕಂಬದ ಮೇಲಿದೆ. ಇಬ್ಬರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಒಂದು ಬೆರಳು ಕಿರಿದಾದರೂ ಅವನ ಭುಜ ಹಿಡಿಸುವುದಿಲ್ಲ.

ಮರ ಕಿರ್ರ್ ಅನ್ನಲಿಲ್ಲ.

ಮತ್ತೂ ಕಾದರು. ದೂರದಲ್ಲಿ ಯಾರೋ ಒಗ್ಗರಣೆ ಹಾಕಿದರು, ದನವೊಂದು ಕೊರಳ ಗಂಟೆ ಆಡಿಸಿತು. ಬಾಗಿಲು ಇದ್ದ ಹಾಗೇ ಇತ್ತು.

ತಮ್ಮ ಚಾಪೆಯನ್ನು ಕೆಳಗೆ ಹಾಕಿದ. ಪಟ್ಟಿ ಕಟ್ಟಿದ ಕೈಗಳಲ್ಲಿ ಚೊಂಬನ್ನು ಎತ್ತಿ ಅವಳ ಮುಂದೆ ಹಿಡಿದು, “ಕುಡಿ,” ಎಂದ. “ಬೆಳಗಿಂದ ಕೂಗಿ ಕೂಗಿ ನಿನ್ನ ಗಂಟಲೇ ಹೋಗಿದೆ. ಕುಡಿದು ಕೂತ್ಕೋ, ಆಚೆ ದಡದ ಕಥೆ ಹೇಳ್ತೀನಿ.”